ಲ್ಯಾಬಿಗೆ ಕೀಲಿ ಇದ್ದರೂ ರ‍್ಯಾಮ್ ಕಾಣೆಯಾಗುತ್ತಿದೆ: ಸಲಹೆ ಬೇಕು

ಪ್ರಶ್ನೆ: ಉಪನ್ಯಾಸಕ, ವಿಜಯಪುರ ಜಿಲ್ಲೆ
ನಮ್ಮ ಪದವಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ ನನ್ನದು. ಬಾಗಿಲಿಗೆ ಕೀಲಿ, ಕಿಟಕಿಗೆ ಸರಳು ಎಲ್ಲವೂ ಇವೆ. ಆದರೂ ಈಚೆಗೆ ಕೆಲವು ಯಂತ್ರಗಳು ತೀರಾ ನಿಧಾನವಾದವೆಂದು ಬಿಚ್ಚಿ ನೋಡಿದಾಗ, ಎರಡು ರ‍್ಯಾಮ್ ಸ್ಟಿಕ್ (ಯಂತ್ರದ ತಾತ್ಕಾಲಿಕ ನೆನಪಿನ ಬಿಡಿಭಾಗ) ಇರಬೇಕಾದಲ್ಲಿ ಒಂದೇ ಉಳಿದಿತ್ತು. ದಾಸ್ತಾನು ವಹಿಯಲ್ಲಿ ‘ಕಂಪ್ಯೂಟರ್ – 1’ ಎಂದಷ್ಟೇ ಬರೆದಿರುವುದರಿಂದ ಒಳಗೆ ಏನಿತ್ತೆಂಬುದಕ್ಕೆ ದಾಖಲೆಯೇ ಇಲ್ಲ. ಎಲ್ಲವನ್ನೂ ಮರದ ಪೆಟ್ಟಿಗೆಯೊಳಗಿಟ್ಟು ಕೀಲಿ ಹಾಕಿಸೋಣ ಎನ್ನುವುದು ಪ್ರಾಂಶುಪಾಲರ ಅಭಿಪ್ರಾಯ. ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ: ಹಾರ್ಡ್‌ವೇರ್ ದುರಸ್ತಿಗಾರ, ಬೆಳಗಾವಿ
ಸರ್, ಮುಚ್ಚಿದ ಪೆಟ್ಟಿಗೆ ಬೇಡ. ನಿಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಗಾಳಿಯಾಡದ ಪೆಟ್ಟಿಗೆಯೊಳಗೆ ಯಂತ್ರ ಕಾದು ತಾನಾಗಿಯೇ ಬಂದಾಗುತ್ತದೆ. ಕಚೇರಿ ಬಳಕೆಗೆಂದೇ ತಯಾರಾದ ಅನೇಕ ಕಂಪ್ಯೂಟರ್ ಕ್ಯಾಬಿನೆಟ್‌ಗಳ ಹಿಂಭಾಗದಲ್ಲಿ, ಪಕ್ಕದ ಮುಚ್ಚಳದ ಅಂಚಿಗೆ, ಲೋಹದ ಸಣ್ಣ ಬಳೆಯೊಂದು ಹೊರಚಾಚಿರುತ್ತದೆ; ಅದಕ್ಕೊಂದು ಚಿಕ್ಕ ಕೀಲಿ ಜಡಿದರೆ ಮುಚ್ಚಳ ಸರಿಯುವುದಿಲ್ಲ. ಅದರಲ್ಲೇ ಉಕ್ಕಿನ ಕೇಬಲ್ ಹಾಯಿಸಿ ಗೋಡೆಯ ಕೊಕ್ಕೆಗೆ ಬಿಗಿಯಬಹುದು. ಟೇಬಲ್ಲಿನ ಕಾಲಿಗೆ ಮಾತ್ರ ಬಿಗಿಯಬೇಡಿ, ಟೇಬಲ್ ಎತ್ತಿದರೆ ಕೇಬಲ್ ಕಳಚಿಕೊಳ್ಳುತ್ತದೆ.

ಉತ್ತರ: ಸಿಸ್ಟಮ್ ಅಡ್ಮಿನ್, ಬಾಗಲಕೋಟೆ
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ನನ್ನ ದೃಷ್ಟಿಯಲ್ಲಿ ರ‍್ಯಾಮ್ ಹೋಗುವುದು ಸಣ್ಣ ನಷ್ಟ. ವಿದ್ಯಾರ್ಥಿಗಳು ತಮ್ಮ ಪೆನ್‌ಡ್ರೈವ್‌ನಿಂದ ಬೇರೊಂದು ಆಪರೇಟಿಂಗ್ ಸಿಸ್ಟಮ್ ಬೂಟ್ ಮಾಡದಿರಲೆಂದು ನಾವು, ಯಂತ್ರ ಚಾಲೂ ಆದೊಡನೆ ಮೊದಲು ಓಡುವ ತಂತ್ರಾಂಶವಾದ ಬಯೋಸ್‌ಗೆ ಪಾಸ್‌ವರ್ಡ್ ಹಾಕುತ್ತೇವೆ. ಆದರೆ ಮುಚ್ಚಳ ತೆರೆದವನು ಒಳಗಿನ ಮುಖ್ಯ ಫಲಕವಾದ ಮದರ್‌ಬೋರ್ಡಿನ ಜಂಪರ್ (ಪಿನ್ನುಗಳನ್ನು ಜೋಡಿಸುವ ಪುಟ್ಟ ಟೋಪಿ) ಬದಲಿಸಿ, ಹಳೆಯ ಯಂತ್ರಗಳಲ್ಲಾದರೆ ನಾಣ್ಯದಂಥ ಸಿಆರ್ 2032 ಬ್ಯಾಟರಿಯನ್ನು ತೆಗೆದು ಹಾಕಿಯೇ, ಆ ಪಾಸ್‌ವರ್ಡನ್ನು ಅಳಿಸಿಬಿಡಬಲ್ಲ. ಅಂದರೆ ಮುಚ್ಚಳಕ್ಕೆ ಕೀಲಿ ಇಲ್ಲದ ಕಡೆ ಪಾಸ್‌ವರ್ಡ್ ಹೆಸರಿಗಷ್ಟೇ ಇರುತ್ತದೆ. ಇನ್ನೊಂದು, ಕೀಬೋರ್ಡಿನ ವೈರು ಮತ್ತು ಯುಎಸ್‌ಬಿ ಕಿಂಡಿಯ ನಡುವೆ ಬೆರಳ ತುದಿಯಷ್ಟು ಚಿಕ್ಕ ಕೀಲಾಗರ್ ಸಿಕ್ಕಿಸಿದರೆ ಒತ್ತಿದ ಪ್ರತಿ ಅಕ್ಷರವೂ ಅದರಲ್ಲಿ ದಾಖಲಾಗುತ್ತದೆ, ಆ್ಯಂಟಿವೈರಸ್‌ಗೆ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ಆದ್ದರಿಂದ ಯಂತ್ರಗಳ ಹಿಂಬದಿಯನ್ನು ಆಗಾಗ ಕೈಯಾಡಿಸಿ ನೋಡಿ, ಮತ್ತು ಆಂತರಿಕ ಅಂಕಗಳನ್ನು ಲ್ಯಾಬಿನ ಯಂತ್ರದಿಂದ ಎಂದಿಗೂ ತುಂಬಬೇಡಿ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ನಮ್ಮಲ್ಲಿ ಅರ್ಧದಷ್ಟು ಬಿಡಿಭಾಗ ತಂದು ಜೋಡಿಸಿದ ಯಂತ್ರಗಳು. ಅವುಗಳಿಗೆ ಆ ಬಳೆಯೇ ಇಲ್ಲ.

ಉತ್ತರ: ಹಾರ್ಡ್‌ವೇರ್ ದುರಸ್ತಿಗಾರ, ಬೆಳಗಾವಿ
ಹಾಗಾದರೆ ಕೈಯಿಂದಲೇ ತಿರುಗುವ ಸ್ಕ್ರೂಗಳನ್ನು ತೆಗೆದು, ನಡುವೆ ಮೊಳೆಯಿರುವ ನಕ್ಷತ್ರಾಕಾರದ ತಲೆಯ ಸ್ಕ್ರೂ ಹಾಕಿಸಿ. ಸಾಮಾನ್ಯ ಸ್ಕ್ರೂಡ್ರೈವರ್‌ಗೆ ಅದು ಜಗ್ಗುವುದಿಲ್ಲ. ಮುಚ್ಚುವ ಮೊದಲು ರ‍್ಯಾಮ್ ಮತ್ತು ಹಾರ್ಡ್‌ಡಿಸ್ಕ್‌ಗಳ ಸೀರಿಯಲ್ ನಂಬರ್‌ಗಳನ್ನು ದಾಸ್ತಾನು ವಹಿಯಲ್ಲಿ ಬರೆದು ಪ್ರಾಂಶುಪಾಲರ ಸಹಿ ಪಡೆಯಿರಿ. ಪೊಲೀಸ್ ದೂರು ಕೊಡುವ ಪ್ರಸಂಗ ಬಂದರೆ ಅವರು ಮೊದಲು ಕೇಳುವುದು ಅದನ್ನೇ.