ಅಂಡಮಾನಿನಾಗ ಒಂದ ದಿನ ಬಿಡುವು ಐತಿ, ಬಾರಾಟಾಂಗ್ ಹೋಗೂದೋ ಜಾಲಿ ಬಾಯ್ ಹೋಗೂದೋ?

ಹುಬ್ಬಳ್ಳಿ_ಹುಡುಗ

ನಮಸ್ಕಾರ್ರಿ ಎಲ್ಲಾರಿಗೂ. ಏಪ್ರಿಲ್‌ನಾಗ ನಮ್ಮ ಚರ್ಚಿಂದ ಒಂದು ಮಿಷನ್ ಟೀಮ್ ಅಂಡಮಾನಿಗೆ ಹೊಂಟೈತಿ. ಪೋರ್ಟ್ ಬ್ಲೇರ್ (ಈಗ ಶ್ರೀ ವಿಜಯಪುರಂ ಅಂತ ಹೆಸರು ಬದಲಾಗೈತಿ) ಹತ್ರ ಒಂದು ಹಳ್ಳ್ಯಾಗ ಸಣ್ಣ ಸಭೆ ಐತಿ, ಅಲ್ಲಿ ಮಕ್ಕಳಿಗೆ ವಿಬಿಎಸ್ (ರಜೆಯ ಬೈಬಲ್ ಶಾಲೆ) ನಡಸೂದು, ಹಾಲ್‌ಗೆ ಬಣ್ಣ ಹೊಡಿಯೂದು, ಸಂಜೀಕ ಮನಿ ಮನಿಗೆ ಹೋಗಿ ಪ್ರಾರ್ಥನಾ, ಹಿಂಗ. ಇಪ್ಪತ್ತು ಚಿಲ್ಲರ ಮಂದಿ ಅದೀವಿ, ಅರ್ಧ ಯೂತ್, ಉಳದವರು ಸ್ತ್ರೀ ಸಂಘದ ಆಂಟಿಗೋಳು, ಮತ್ತ ನಮ್ಮ ಅಯ್ಯನವ್ರು (ಪಾಸ್ಟರ್), ಅವ್ರಿಗೆ ಮೊಣಕಾಲು ನೋವು.

ಭಾನುವಾರ ಆರಾಧನೆ ಮುಗದ ಮ್ಯಾಲ ಸೋಮವಾರ ಒಂದಿನ ಬಿಡುವು, ಅಷ್ಟ. ಯೂತ್‌ನವ್ರು ಬಾರಾಟಾಂಗ್ ಸುಣ್ಣಕಲ್ಲಿನ ಗುಹೆ ಅಂತ ಹಟ ಹಿಡದಾರ, ದಾರ್ಯಾಗ ಜಾರವಾ ಅನ್ನೂ ಕಾಡಿನ ಬುಡಕಟ್ಟಿನ ಮಂದಿನೂ ಕಾಣ್ತಾರ ಅಂತ ಯಾವ್ದೋ ರೀಲ್ ನೋಡ್ಯಾರ. ಆಂಟಿಗೋಳು ಜಾಲಿ ಬಾಯ್ ದ್ವೀಪಕ್ಕ ಹೋಗಿ ಸಮುದ್ರ, ಹವಳ ನೋಡೂಣು ಅಂತಾರ. ಹ್ಯಾವ್‌ಲಾಕ್ ದ್ವೀಪಕ್ಕ ಒಂದ ದಿನದಾಗ ಹೋಗಿ ಬರಾಕ ಆಗತೈತೇನು? ಹೋಗಿ ಬಂದವರು ಸ್ವಲ್ಪ ಹೇಳ್ರಿ.

ಅಲೆಮಾರಿ_ಶೆಟ್ಟಿ

ಹ್ಯಾವ್‌ಲಾಕ್ ಬಿಟ್ಟುಬಿಡಿ ಮಾರಾಯ್ರೆ. ಫೆರಿಯಲ್ಲೇ ಹೋಗ್ಲಿಕ್ಕೆ ಎರಡು ಗಂಟೆ, ಬರ್ಲಿಕ್ಕೆ ಎರಡು ಗಂಟೆ, ರಾಧಾನಗರ ಬೀಚಲ್ಲಿ ಕಾಲು ಒದ್ದೆ ಮಾಡಿ ವಾಪಸ್ ಓಡ್ಬೇಕು. ಅಲ್ಲಿ ಒಂದು ರಾತ್ರಿ ಉಳಿಯುವವರಿಗೆ ಮಾತ್ರ ಅದು.

ಬಾರಾಟಾಂಗ್ ಚಂದ, ಇಲ್ಲ ಅನ್ನುದಿಲ್ಲ. ಆದ್ರೆ ಊರಿಂದ ನೂರು ಕಿಲೋಮೀಟರ್ ಹತ್ತಿರ ಉಂಟು, ಬೆಳಗ್ಗೆ ಆರರ ಕಾನ್ವಾಯ್ (ಗಾಡಿಗಳನ್ನೆಲ್ಲ ಒಟ್ಟಿಗೆ ಸಾಲಾಗಿ ಬಿಡುದು) ಹಿಡೀಬೇಕಂದ್ರೆ ಮೂರೂವರೆಗೆ ಹೊರಟು ಜಿರ್ಕಾಟಾಂಗ್ ಚೆಕ್‌ಪೋಸ್ಟ್‌ನಲ್ಲಿ ಲೈನು ನಿಲ್ಬೇಕು. ಆಮೇಲೆ ಕಾಡಿನ ರಸ್ತೆ, ಮಿಡಲ್ ಸ್ಟ್ರೈಟಲ್ಲಿ ಬಸ್ಸಿಂದ ಇಳಿದು ಫೆರಿ, ಆಮೇಲೆ ಸ್ಪೀಡ್ ಬೋಟು, ಬೋಟಿಳಿದ ಮೇಲೆ ಗುಹೆವರೆಗೆ ಒಂದೂವರೆ ಕಿಲೋಮೀಟರ್ ನಡಿಗೆ, ಬರುವಾಗ ಮತ್ತೆ ಅಷ್ಟೇ. ನಿಮ್ಮ ಅಯ್ಯನವರ ಮೊಣಕಾಲು ಅಲ್ಲೇ ಮುಷ್ಕರ ಹೂಡ್ತದೆ. ನನಗೆ ಗುಹೆಗಿಂತ ಇಷ್ಟ ಆದದ್ದು ಬೋಟಿನ ದಾರಿ, ಕಡೆಕಡೆಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಎರಡೂ ಕಡೆಯಿಂದ ಬಾಗಿ ಚಪ್ಪರ ಹಾಕಿದ ಹಾಗೆ ಆಗ್ತದೆ, ನಮ್ಮ ಕುಂದಾಪುರ ಹೊಳೆಬದಿಯ ಕಾಂಡ್ಲಾ ನೋಡಿ ಬೆಳೆದವನಿಗೂ ಬಾಯಿ ಕಟ್ಟಿತು. ಮಡ್ ವಾಲ್ಕೆನೋ ಅಂತ ದೊಡ್ಡ ಹೆಸರು ಮಾತ್ರ, ಹೋಗಿ ನೋಡಿದ್ರೆ ಕೆಸರು ಗುಳುಗುಳು ಅನ್ನುದು ಅಷ್ಟೇ.

ದ್ವೀಪದ_ಸೊಸೆ

ನಾನು ಮದುವೆಯಾದ ಮೇಲೆ ಇಲ್ಲೇ ಇರೋದು, ಎರಡು ವಿಷಯ ಹೇಳ್ತೀನಿ.

ಮೊದಲನೇದು, ಸೋಮವಾರ ಜಾಲಿ ಬಾಯ್ ಬಂದ್. ಚರ್ಚ್ ಟೀಮ್‌ಗಳು ಭಾನುವಾರ ಆರಾಧನೆ ಮುಗಿಸಿ ಸೋಮವಾರಕ್ಕೆ ಪ್ಲಾನ್ ಹಾಕ್ಕೊಂಡು ಬರ್ತಾರೆ, ಅಲ್ಲಿಗೆ ಬೋಟು ಹೊರಡೋ ವಂಡೂರು ಜೆಟ್ಟಿ ಹತ್ರ ಬಂದು ಗೇಟ್ ನೋಡ್ಕೊಂಡು ವಾಪಸ್ ಹೋಗ್ತಾರೆ. ನಿಮ್ಮ ಬಿಡುವನ್ನ ಶನಿವಾರಕ್ಕೆ ಹಾಕ್ಕೊಳ್ಳೋಕೆ ಆಗುತ್ತಾ ನೋಡಿ. ಅರಣ್ಯ ಇಲಾಖೆ ಪರ್ಮಿಟ್ ಹಿಂದಿನ ದಿನವೇ ಮಾಡಿಸ್ಕೊಳ್ಳಿ, ಎಲ್ಲರ ಐಡಿ ಕಾಪಿ ಬೇಕು. ಮೇ ಮಧ್ಯದ ಹೊತ್ತಿಗೆ ಆ ದ್ವೀಪ ಮುಚ್ಚಿ ರೆಡ್ ಸ್ಕಿನ್ ಅನ್ನೋ ಇನ್ನೊಂದನ್ನ ತೆಗೀತಾರೆ, ಏಪ್ರಿಲ್ ಅಂದ್ರೆ ತೊಂದ್ರೆ ಇಲ್ಲ, ಸಮುದ್ರನೂ ಶಾಂತವಾಗಿರುತ್ತೆ.

ಎರಡನೇದು ಆ ಜಾರವಾ ಮಾತು. ನಿಮ್ಮ ಹುಡುಗರಿಗೆ ದಯವಿಟ್ಟು ಕೂತ್ಕೊಂಡು ಹೇಳಿ. ಅವರು ಕೆಲವೇ ನೂರು ಜನ ಇರೋದು, 1997-98ರವರೆಗೆ ಹೊರಗಿನವರ ಜೊತೆ ಸೇರ್ತಾನೇ ಇರ್ಲಿಲ್ಲ, ಸೇರೋಕೆ ಶುರು ಮಾಡಿದ ಸ್ವಲ್ಪ ದಿನಕ್ಕೇ 1999ರಲ್ಲಿ ದಡಾರ ಹಬ್ಬಿತು. ನಮ್ಮ ಒಂದು ಕೆಮ್ಮು ಅವರಿಗೆ ಏನು ಮಾಡುತ್ತೋ ಯಾರಿಗೆ ಗೊತ್ತು. ಅವರ ಕಾಡಿನ ಮಧ್ಯೆ ಹೋಗೋ ಆ ಬಾರಾಟಾಂಗ್ ರಸ್ತೇಲಿ ಗಾಡಿ ನಿಲ್ಲಿಸೋ ಹಾಗಿಲ್ಲ, ಫೋಟೋ ತೆಗೆಯೋ ಹಾಗಿಲ್ಲ, ತಿನ್ನೋದಕ್ಕೆ ಏನೂ ಕೊಡೋ ಹಾಗಿಲ್ಲ, ಸಿಕ್ಕಿಬಿದ್ರೆ ಕೇಸೇ. 2012ರಲ್ಲಿ ಅವರನ್ನ ಕುಣಿಸಿದ ವಿಡಿಯೋ ಹೊರಗೆ ಬಂದಾಗ ನಾವು ಇಲ್ಲಿರೋರು ತಲೆ ತಗ್ಗಿಸಿದ್ವಿ. ಅದರ ಮೇಲೆ ನಿಮ್ಮದು ಮಿಷನ್ ಟೀಮ್. 2018ರಲ್ಲಿ ಆ ಅಮೆರಿಕದ ಹುಡುಗ ಹೊರಗಿನವರನ್ನ ಸೇರಿಸದ ಬುಡಕಟ್ಟಿರೋ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಸುವಾರ್ತೆ ಸಾರೋಕೆ ಹೋಗಿ ಪ್ರಾಣ ಕಳ್ಕೊಂಡ ಮೇಲೆ ಮಿಷನ್ ಅನ್ನೋ ಪದ ಕೇಳಿದ್ರೇ ಇಲ್ಲಿ ಎಲ್ಲರ ಕಿವಿ ನೆಟ್ಟಗಾಗುತ್ತೆ. ಬ್ಯಾಗಲ್ಲಿ ಕರಪತ್ರ ಇಟ್ಕೊಂಡು ಆ ರಸ್ತೆ ಹತ್ತೋದು ಬೇಡವೇ ಬೇಡ.

ನಾಸ್ತಿಕ_ನಾಗ

ಸೇವೆ ಅಂತ ಹೋಗಿ ಸ್ನಾರ್ಕೆಲಿಂಗ್ ಮಾಡ್ಕೊಂಡ್ ಬರೋದಾ, ಭಲೇ ಭಲೇ 😄

ಸಂಡೇಸ್ಕೂಲ್_ಟೀಚರ್

ನಾಗ ಅವರೇ, ಬಿಸಿಲಲ್ಲಿ ಏಣಿ ಮೇಲೆ ನಿಂತು ಗೋಡೆ ಕೆರೆದಿರೋ ಮಕ್ಕಳಿಗೆ ಒಂದು ದಿನ ಸಮುದ್ರ ತೋರ್ಸಿದ್ರೆ ಏನ್ ಹೋಗುತ್ತೆ ಬಿಡಿ. ದೇವರ ಸೃಷ್ಟಿ ನೋಡೋದೂ ಆರಾಧನೆನೇ ಅಂತ ನಮ್ಮ ಅಭಿಪ್ರಾಯ, ನಿಮಗೆ ಬೇರೆ ಇರಬಹುದು.

ಹುಬ್ಬಳ್ಳಿ ಬ್ರದರ್, ನಮ್ಮ ಶಿವಮೊಗ್ಗ ಟೀಮ್ ಜಾಲಿ ಬಾಯ್‌ಗೇ ಹೋಗಿದ್ದು. ಮಹಾತ್ಮ ಗಾಂಧಿ ಮರೈನ್ ನ್ಯಾಷನಲ್ ಪಾರ್ಕ್ ಒಳಗೆ ಬರುತ್ತೆ ಅದು, 1983ರಲ್ಲಿ ಆಗಿದ್ದಂತೆ, ಹದಿನೈದು ದ್ವೀಪ ಸೇರಿಸಿ. ವಂಡೂರು ಜೆಟ್ಟೀಲಿ ಬ್ಯಾಗ್ ಎಲ್ಲಾ ತೆಗೆಸಿ ಪ್ಲಾಸ್ಟಿಕ್ ಹುಡುಕ್ತಾರೆ, ನಮ್ಮಲ್ಲೊಬ್ಬ ಆಂಟಿ ಚಕ್ಕುಲಿ ಕವರ್ ಸೆರಗಲ್ಲಿ ಮುಚ್ಕೊಂಡಿದ್ರು ಅದನ್ನೂ ಬಿಡ್ಲಿಲ್ಲ, ಚಕ್ಕುಲಿ ಅಲ್ಲೇ ಎಲ್ಲರಿಗೂ ಹಂಚಿ ಕವರ್ ಕೊಟ್ಟು ಹೋದ್ವಿ. ವಂಡೂರು ಬೀಚಲ್ಲಿ 2004ರ ಸುನಾಮಿ ಸಮಯದಲ್ಲಿ ಬಿದ್ದ ದೊಡ್ಡ ದೊಡ್ಡ ಮರ ಒಣಗಿ ಬೂದಿ ಬಣ್ಣಕ್ಕೆ ತಿರುಗಿ ಮಲಗಿವೆ, ಮೊಸಳೆ ಇದೆ ಹುಷಾರ್ ಅಂತ ಬೋರ್ಡೂ ಇದೆ, ಅಲ್ಲಿ ಸಿಕ್ಕಸಿಕ್ಕಲ್ಲಿ ನೀರಿಗೆ ಇಳೀಬೇಡಿ.

ದೊಡ್ಡ ಬೋಟಲ್ಲಿ ಹತ್ರ ಹತ್ರ ಒಂದು ಗಂಟೆ. ಜಾಲಿ ಬಾಯಲ್ಲಿ ಜೆಟ್ಟಿ ಇಲ್ಲ, ದೂರದಲ್ಲೇ ನಿಲ್ಲಿಸಿ ತಳಕ್ಕೆ ಗಾಜು ಹಾಕಿರೋ ಸಣ್ಣ ಬೋಟಿಗೆ ಹತ್ತಿಸ್ತಾರೆ, ಆ ದಾಟೋ ಒಂದು ಹೆಜ್ಜೆ ವಯಸ್ಸಾದವರಿಗೆ ಕಷ್ಟ, ಇಬ್ಬರು ಹುಡುಗರು ಕೈ ಹಿಡ್ಕೊಂಡ್ರೆ ಆಯ್ತು. ಗಾಜಲ್ಲಿ ನೋಡ್ತಾ ಇದ್ದ ಹಾಗೆ ಎಲ್ಲರ ಮಾತು ನಿಂತೋಯ್ತು. ದೊಡ್ಡ ಚಿಪ್ಪಿನ ಜೀವಿ ಒಂದಿತ್ತು, ಜೈಂಟ್ ಕ್ಲ್ಯಾಮ್ ಅಂತೆ, ಅದರ ಬಾಯಿ ಅಂಚು ಕಡುನೀಲಿ, ನಮ್ಮ ಬೋಟಿನ ನೆರಳು ಮೇಲೆ ಬಿತ್ತೋ ಇಲ್ವೋ ಆ ನೀಲಿ ಪಟಕ್ ಅಂತ ಒಳಗೆ ಎಳ್ಕೊಂಡು ಚಿಪ್ಪು ಮುಚ್ಚಿತು, ಮಕ್ಕಳು ಮತ್ತೆ ಮತ್ತೆ ಹಿಂದೆ ತಗೊಳ್ಳಿ ಅಂಕಲ್ ಅಂತ ಬೋಟಿನವರನ್ನ ಕಾಡಿದ್ದೇ ಕಾಡಿದ್ದು. ಗಿಳಿಮೀನು ಹವಳ ಕಚ್ಚೋದು ಕಾಣುತ್ತೆ. ಆದ್ರೆ ಎಲ್ಲಾ ಬಣ್ಣ ಬಣ್ಣ ಅಂದ್ಕೊಂಡು ಹೋಗ್ಬೇಡಿ, ತುಂಬ ಕಡೆ ಹವಳ ಸತ್ತು ಬೂದಿ ಬಣ್ಣ ಆಗಿದೆ. 2010ರಲ್ಲಿ, ಮತ್ತೆ 2016ರಲ್ಲಿ ಸಮುದ್ರದ ನೀರು ಬಿಸಿಯಾಗಿ ಹಾಳಾಗಿದ್ದು ಅಂತ ಬೋಟಿನವರು ಹೇಳಿದ್ರು. ಅದನ್ನ ನೋಡಿ ಯೂತ್‌ನವರು ಸುಮ್ಮನಾದ್ರು, ಆ ದಿನದ ಪ್ರಾರ್ಥನೇಲಿ ಒಬ್ಬ ಹುಡುಗ ಅದನ್ನೇ ಎತ್ತಿದ.

ಚಿಪ್ಪು, ಹವಳದ ಚೂರು ಒಂದೂ ಎತ್ಕೊಂಡು ಬರಬೇಡಿ, ಏರ್‌ಪೋರ್ಟಲ್ಲಿ ಹಿಡೀತಾರೆ.

ದ್ವೀಪದ_ಸೊಸೆ

ಟೀಚರ್ ಹೇಳಿದ್ದು ಸರಿ. ಬಿಡುವು ಬದಲಾಯಿಸೋಕೆ ಆಗ್ಲಿಲ್ಲ ಅಂದ್ರೆ ಸೋಮವಾರ ರಾಸ್ ದ್ವೀಪಕ್ಕೆ ಹೋಗಿ, 2018ರಿಂದ ಅದರ ಹೆಸರು ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. ಬೋಟಲ್ಲಿ ಹತ್ತು-ಹದಿನೈದು ನಿಮಿಷ, ಮೇಲೆ ಬ್ಯಾಟರಿ ಗಾಡಿ ಇದೆ, ಮೊಣಕಾಲಿನವರಿಗೂ ಆಗುತ್ತೆ. ಬ್ರಿಟಿಷರ ಪ್ರೆಸ್ಬಿಟೇರಿಯನ್ ಚರ್ಚ್ ಪಾಳು ಬಿದ್ದಿದೆ, ಮಾಡು ಇಲ್ಲ, ಆಲದ ಜಾತಿ ಮರದ ಬೇರು ಗೋಡೆ ತಬ್ಕೊಂಡು ಕಿಟಕಿ ಒಳಗಿಂದ ಇಳಿದಿದೆ. ಜಿಂಕೆ ಹತ್ರಾನೇ ಬರ್ತವೆ. ಮಧ್ಯಾಹ್ನ ಚಾಥಮ್‌ನಿಂದ ಫೆರಿ ಹಿಡಿದು ಮೌಂಟ್ ಹ್ಯಾರಿಯೆಟ್ (2021ರಿಂದ ಮೌಂಟ್ ಮಣಿಪುರ) ಬೆಟ್ಟಕ್ಕೆ ಹೋಗಿ, ಹಳೇ ಕೆಂಪು 20 ರೂಪಾಯಿ ನೋಟಿನ ಹಿಂದೆ ಇರೋ ಚಿತ್ರ ಅಲ್ಲಿಂದ ಕಾಣೋದೇ. ಐದೂವರೆಗೆಲ್ಲ ಸೂರ್ಯ ಮುಳುಗ್ತಾನೆ ಇಲ್ಲಿ, ನಮ್ಮ ಕಡೆ ಟೈಮ್ ಲೆಕ್ಕ ಹಾಕ್ಕೊಂಡು ನಿಧಾನ ಮಾಡಿದ್ರೆ ಕತ್ತಲೆ.

ಇನ್ನೊಂದು, ನೀವು ಹೋಗೋ ಸಭೆಯಲ್ಲಿ ನಿಕೋಬಾರಿ ಹಿರಿಯರಿದ್ರೆ ಬಿಷಪ್ ಜಾನ್ ರಿಚರ್ಡ್‌ಸನ್ ಬಗ್ಗೆ ಕೇಳಿ. ಕಾರ್ ನಿಕೋಬಾರಿನವರೇ, 1952ರ ಮೊದಲ ಲೋಕಸಭೆಗೂ ನಾಮನಿರ್ದೇಶನ ಆಗಿದ್ದವರು, ಅವರ ಭಾಷೆಗೆ ಹೊಸ ಒಡಂಬಡಿಕೆ ಕೊಟ್ಟವರು. ಇಲ್ಲಿ ಸುವಾರ್ತೆ ಹೊರಗಿನವರಿಂದಲೇ ಬೆಳೀತು ಅಂದ್ಕೊಂಡಿರೋ ಯೂತ್‌ಗೆ ಅದು ಕೇಳಿಸ್ಬೇಕು.

ಹುಬ್ಬಳ್ಳಿ_ಹುಡುಗ

ಅಕ್ಕಾರ, ಟೀಚರ್, ಶೆಟ್ಟರ, ಎಲ್ಲಾರಿಗೂ ಥ್ಯಾಂಕ್ಸ್ರಿ. ಸೋಮವಾರ ಬಂದ್ ಅಂತ ನಮಗ ಯಾರೂ ಹೇಳಿರ್ಲಿಲ್ಲ, ಟಿಕೆಟ್ ಏಜೆಂಟೂ ಹೇಳಿಲ್ಲ. ಅಯ್ಯನವ್ರಿಗೆ ಫೋನ್ ಹಚ್ಚಿದ್ದೆ, ವಿಬಿಎಸ್ ಸಮಾರೋಪ ಸೋಮವಾರಕ್ಕ ಹಾಕಿ ಶನಿವಾರ ಜಾಲಿ ಬಾಯ್ ಹೋಗೂದು ಅಂತ ಆತು. ಜಾರವಾ ಮಾತು ಯೂತ್ ಗ್ರೂಪ್‌ನಾಗ ಹಂಗ ಹಾಕೀನಿ, ಇಬ್ರು ಮುಖ ಉಬ್ಬಿಸ್ಕೊಂಡಾರ, ಉಳದವರು ಹೂಂ ಅಂದಾರ. ಒಂದು ಕೇಳೂದೈತಿ, ದ್ವೀಪದಾಗ ಊಟ ಸಿಗೂದಿಲ್ಲಂದ್ರ ರೊಟ್ಟಿ ಕಟಗೊಂಡು ಹೋಗಬೌದಾ?

ಸಂಡೇಸ್ಕೂಲ್_ಟೀಚರ್

ಸ್ಟೀಲ್ ಡಬ್ಬಿ, ಬಟ್ಟೆ ಗಂಟು ಎರಡೂ ನಡೆಯುತ್ತೆ. ರೊಟ್ಟಿ, ಶೇಂಗಾ ಚಟ್ನಿ ಒಣದು ತಗೊಳ್ಳಿ, ಪಲ್ಯ ಆ ಸೆಕೆಗೆ ಹಳಸುತ್ತೆ. ನೀರಿಗೆ ಸ್ಟೀಲ್ ಬಾಟಲಿ ಊರಿಂದಾನೇ ತನ್ನಿ. ಉಳಿದ ಚೂರುಪಾರು ದ್ವೀಪದಲ್ಲಿ ಎಸೀಬೇಡಿ, ಡಬ್ಬಿಯಲ್ಲೇ ವಾಪಸ್.