ಒಂಬತ್ತು ತಿಂಗಳು ಮೈಸೂರು, ಹದಿನಾಲ್ಕು ದಿನ ಹೋಟೆಲು

ಹೋದ ಭಾನುವಾರ ಕನ್ನಡ ತರಗತಿ ಮುಗಿದು ಮಕ್ಕಳೆಲ್ಲ ಹೊರಗೆ ಓಡಿದ ಮೇಲೆ, ಹೊಸದಾಗಿ ಸಿಡ್ನಿಗೆ ಬಂದಿರುವ ಒಬ್ಬರು ನನ್ನನ್ನು ಕೇಳಿದರು: "ಕೋವಿಡ್ ಟೈಮಲ್ಲಿ ನೀವು ಇಂಡಿಯಾದಲ್ಲೇ ಸಿಕ್ಕಿಹಾಕಿಕೊಂಡಿದ್ರಂತೆ. ಎರಡು ಚಿಕ್ಕ ಮಕ್ಕಳನ್ನ ಇಟ್ಕೊಂಡು ಹೆಂಗ್ರೀ ನಿಭಾಯಿಸಿದ್ರಿ?" ನಿಂತಲ್ಲೇ ಏನೋ ಎರಡು ಮಾತು ಹೇಳಿದೆ. ಮನೆಗೆ ಬಂದ ಮೇಲೂ ಆ 'ಸಿಕ್ಕಿಹಾಕಿಕೊಂಡಿದ್ರಂತೆ' ತಲೆಯಿಂದ ಹೋಗಲಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

2020ರ ಮಾರ್ಚ್ ಮೊದಲ ವಾರ ತಮ್ಮನ ಮದುವೆಗೆ ಅಂತ ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಹೋದೆ. ಮಗಳಿಗೆ ಐದು ತುಂಬುವುದರಲ್ಲಿತ್ತು. ಮಗನಿಗೆ ಒಂದೂವರೆಯೂ ಆಗಿರಲಿಲ್ಲ. ನಮ್ಮವರಿಗೆ ರಜೆ ಸಿಗಲಿಲ್ಲ, ಸಿಡ್ನಿಯ ವೆಂಟ್‌ವರ್ತ್‌ವಿಲ್‌ನ ನಮ್ಮ ಮನೆಯಲ್ಲೇ ಉಳಿದರು. ಮದುವೆ ಚೆನ್ನಾಗಿಯೇ ಆಯಿತು. 28ಕ್ಕೆ ವಾಪಸ್ ಟಿಕೆಟ್ ಇತ್ತು. 20ರ ರಾತ್ರಿ ಆಸ್ಟ್ರೇಲಿಯಾ ಗಡಿ ಮುಚ್ಚಿತು. ನಮಗೆ ಪಿಆರ್ (ಆಸ್ಟ್ರೇಲಿಯಾದಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಇದೆಯಲ್ಲ, ಪಿಆರ್ ಇರುವವರನ್ನು ಬಿಡುತ್ತಾರಲ್ಲ ಅಂತ ಸುಮ್ಮನಿದ್ದೆ. ಎರಡೇ ದಿನಕ್ಕೆ ಭಾರತ ಹೊರದೇಶದ ವಿಮಾನಗಳನ್ನೇ ನಿಲ್ಲಿಸಿತು. 25ಕ್ಕೆ ಲಾಕ್‌ಡೌನ್. ಆ ಟಿಕೆಟ್ಟಿನ ದುಡ್ಡು ಕೈಗೆ ಬರಲು ಒಂದು ವರ್ಷದ ಮೇಲೆ ಹಿಡಿಯಿತು. ಯಾವ ಏರ್‌ಲೈನ್ ಅಂತ ಹೇಳುವುದಿಲ್ಲ, ಅವರಿಗೂ ಆಗ ತಲೆ ಕೆಟ್ಟಿತ್ತು ಬಿಡಿ.

ಇಲ್ಲಿಯವರೆಗೆ ನಿಜವಾಗಿಯೂ ಸಿಕ್ಕಿಹಾಕಿಕೊಂಡಿದ್ದೆ. ಆಮೇಲಿನದು ಹಾಗಲ್ಲ.

ಮೇ ತಿಂಗಳಿಂದ, ಹೊರದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರಲು ಭಾರತ ಸರ್ಕಾರ ಬಿಟ್ಟ 'ವಂದೇ ಭಾರತ್' ವಿಮಾನಗಳು ಓಡಾಡತೊಡಗಿದವು. ಕೆಲವರು ಸೇರಿ ಚಾರ್ಟರ್ ವಿಮಾನ ಮಾಡಿಸಿಕೊಂಡೂ ಹೋದರು. ನಾನು ಮೊದಲು ಹೆದರಿದೆ. ಒಬ್ಬಳೇ, ಕೈಗೂಸು, ಅಪ್ಪನಿಗೆ ಬೇರೆ ಸಕ್ಕರೆ ಕಾಯಿಲೆ. ಜುಲೈ ಹೊತ್ತಿಗೆ ಸಿಡ್ನಿಯಲ್ಲಿ ದಿನಕ್ಕೆ ಇಷ್ಟೇ ಜನ ಇಳಿಯಬೇಕು ಅಂತ ಮಿತಿ ಬಂತು. ಸೀಟು ಸಿಗುವುದು, ರದ್ದಾಗುವುದು, ಮತ್ತೆ ಸಿಗುವುದು. ಇದೆಲ್ಲ ಎಲ್ಲರಿಗೂ ಗೊತ್ತಿರುವ ಕಥೆ. ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಆಗಸ್ಟ್‌ನಲ್ಲಿ ನನಗೆ ಸೀಟು ಸಿಕ್ಕಿತ್ತು. ಎರಡು ಗಂಟೆಯೊಳಗೆ ದುಡ್ಡು ಕಟ್ಟಿ ಅಂದರು. ನಾನು ಕಟ್ಟಲಿಲ್ಲ. ನಮ್ಮವರಿಗೆ "ಸಿಗಲಿಲ್ಲ ರೀ" ಅಂದೆ. ನಿಜ ಹೇಳಿದ್ದು ಹೋದ ವರ್ಷ. ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ "ನಂಗೆ ಗೊತ್ತಿತ್ತು" ಅಂದರು. ಗೊತ್ತಿತ್ತೋ ಇಲ್ಲವೋ, ದೇವರಿಗೇ ಗೊತ್ತು.

ಯಾಕೆ ಕಟ್ಟಲಿಲ್ಲ? ಆವತ್ತು ಪಡಸಾಲೆಯಲ್ಲಿ ಅಮ್ಮ, ಮಗಳು ಅಳಗುಳಿಮಣೆ ಹಾಕಿಕೊಂಡು ಕೂತಿದ್ದರು. ನಮ್ಮಜ್ಜಿಯ ಕಾಲದ ಮಣೆ, ಒಂದು ಕಡೆ ಏಳು, ಇನ್ನೊಂದು ಕಡೆ ಏಳು ಗುಳಿ, ಮೂಲೆಯಲ್ಲಿ ಸ್ವಲ್ಪ ಸೀಳು ಬಿಟ್ಟಿದೆ. ಆಡುವುದಕ್ಕೆ ಹುಣಸೆ ಬೀಜ. ಮಗಳು ಮಣೆಯಿಂದ ತಲೆ ಎತ್ತದೆ ಹೇಳುತ್ತಿದ್ದಳು: "ಅಜ್ಜಿ, ನೀನು ಎರಡು ಬೀಜ ಸೆರಗಲ್ಲಿ ಬಚ್ಚಿಟ್ಕೊಂಡಿದ್ದೀಯ. ನಾನು ನೋಡ್ದೆ. ಮೋಸ ಮಾಡ್ಬಾರ್ದು, ಹೊಟ್ಟೆ ನೋವು ಬರುತ್ತೆ." ಸಿಡ್ನಿಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ ಇವಳೇ. ಮನೆಯಲ್ಲಿ ಕನ್ನಡವೇ ಮಾತಾಡಬೇಕು ಅಂತ ರೂಲ್ ಮಾಡಿ, ಫ್ರಿಜ್ಜಿನ ಮೇಲೆ ಅಂಟಿಸಿ, ಸ್ಟಿಕ್ಕರ್ ಆಸೆ ತೋರಿಸಿ ಸೋತಿದ್ದೆ. ಮೈಸೂರಲ್ಲಿ ಯಾರೂ ಏನೂ ಕಲಿಸಲಿಲ್ಲ. ಅಜ್ಜಿಗೆ ಇಂಗ್ಲಿಷಿನಲ್ಲಿ ಜಗಳ ಆಡಿದರೆ ಗೆಲ್ಲುವುದಕ್ಕಾಗುವುದಿಲ್ಲ, ಅಷ್ಟೇ. ಆ ಎರಡು ಗಂಟೆ ನಾನು ಫೋನ್ ಹಿಡಿದುಕೊಂಡು ಇವರಿಬ್ಬರನ್ನೇ ನೋಡುತ್ತಾ ಕೂತೆ.

ಹಾಗಂತ ಎಲ್ಲ ಚೆನ್ನಾಗಿತ್ತು ಅಂದುಕೊಳ್ಳಬೇಡಿ. ಮಗನ ವಿಷಯ ಬೇರೆ. ಅವನಿಗೆ 'ಅಪ್ಪ' ಅಂದರೆ ಫೋನು. ದಿನಾ ಸಂಜೆ ಅಪ್ಪನ ಮುಖ ಅದರಲ್ಲಿ ಬರುತ್ತಿತ್ತಲ್ಲ. ಅಕ್ಟೋಬರ್‌ನಲ್ಲಿ ಒಂದು ದಿನ ಚಾರ್ಜ್ ಮುಗಿದು ಆಫ್ ಆಗಿದ್ದ ಫೋನನ್ನು ಮಂಚದಿಂದ ಎತ್ತಿಕೊಂಡು, "ಅಪ್ಪ ನಿದ್ದೆ" ಅಂತ ಹೊದಿಕೆ ಹೊದಿಸಿದ. ಅಮ್ಮ ನಕ್ಕರು. ನನಗೆ ನಗು ಬರಲಿಲ್ಲ. ಆವತ್ತೇ ಟಿಕೆಟ್ ಹುಡುಕಲು ಕೂತೆ.

ಮಗಳ ಸ್ಕೂಲು ಒಂದು ನೆಪ. ಜನವರಿ ಕೊನೆಗೆ ಕಿಂಡರ್‌ಗಾರ್ಟನ್ ಶುರು, ಅದಕ್ಕೇ ಹೋಗುತ್ತಿದ್ದೀವಿ ಅಂತ ಎಲ್ಲರಿಗೂ ಹೇಳಿದೆ. ಆದರೆ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಆರು ತುಂಬುವವರೆಗೆ ಸ್ಕೂಲಿಗೆ ಕಳಿಸಲೇಬೇಕು ಅಂತ ಕಾನೂನಿಲ್ಲ. ಬೇಕಿದ್ದರೆ ಇನ್ನೂ ಕೂರಬಹುದಿತ್ತು.

ಡಿಸೆಂಬರ್ ಮೊದಲ ವಾರ ಹೊರಟೆವು. ಬೆಂಗಳೂರಿಂದ ದೆಹಲಿ, ದೆಹಲಿಯಿಂದ ಸಿಡ್ನಿ. ದೆಹಲಿ ವಿಮಾನದಲ್ಲಿ ಮಧ್ಯದ ಸೀಟಿನವರಿಗೆ ಬಿಳಿ ಗೌನು, ಎಲ್ಲರಿಗೂ ಮುಖಕ್ಕೆ ಶೀಲ್ಡು. ಮಗಳು ತನ್ನ ಶೀಲ್ಡಿಗೆ ಬಾಯಿಂದ ಹಬೆ ಊದಿ ಅದರ ಮೇಲೆ ಬೆರಳಲ್ಲಿ 'ಅ', 'ಆ' ಬರೆಯುತ್ತಾ ಕೂತಳು. ಹಿಂದಿನ ಸೀಟಿನಲ್ಲಿ ಮೆಲ್ಬರ್ನ್‌ನ ಒಂದು ಕುಟುಂಬ. ಜುಲೈಯಿಂದ ಮೆಲ್ಬರ್ನ್‌ನಲ್ಲಿ ಹೊರದೇಶದವರನ್ನು ಇಳಿಸಿಕೊಳ್ಳುತ್ತಲೇ ಇರಲಿಲ್ಲ. ಪಾಪ, ಅವರು ಸಿಡ್ನಿಯಲ್ಲಿ ಹದಿನಾಲ್ಕು ದಿನದ ಹೋಟೆಲ್ ಕ್ವಾರಂಟೈನ್ ಮುಗಿಸಿ ಆಮೇಲೆ ಮನೆಗೆ ಹೋಗಬೇಕು.

ಇಳಿಯುವ ಮೊದಲು ಕೊಡುವ ಕಾರ್ಡಿನಲ್ಲಿ ಬೀಜ, ಕಾಳು, ಗಿಡ ಏನಾದರೂ ಇದೆಯಾ ಅಂತ ಕೇಳುತ್ತಾರಲ್ಲ, ಸಾರಿನ ಪುಡಿ ಇದ್ದದ್ದರಿಂದ ಎಲ್ಲದಕ್ಕೂ 'ಹೌದು' ಅಂತ ಗುರುತು ಹಾಕಿದ್ದೆ. ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್ ಹಾಕಿಕೊಂಡ ಅಧಿಕಾರಿ ಪುಡಿ ನೋಡಿ ಬಿಟ್ಟರು. ಆಗ ಮಗಳು ನನ್ನ ಕೈ ಜಗ್ಗಿ, "ಅಮ್ಮ, ನನ್ನ ಹತ್ರಾನೂ ಬೀಜ ಇದೆ" ಅಂದಳು. ಫ್ರಾಕಿನ ಜೇಬು ತುಂಬ ಹುಣಸೆ ಬೀಜ! ಅಜ್ಜಿ ಕೊಟ್ಟಿದ್ದಂತೆ. ಅವರು ಒಂದು ಟ್ರೇ ಮುಂದೆ ಇಟ್ಟರು. ಇವಳು ಒಂದೊಂದೇ ತೆಗೆದು ಕನ್ನಡದಲ್ಲಿ ಎಣಿಸುತ್ತಾ ಹಾಕಿದಳು. ನಲವತ್ತಕ್ಕೂ ಮೇಲೆ ಹೋಯಿತು. ಹಿಂದೆ ಸಾಲು ನಿಂತಿತ್ತು, ಆದರೂ ಆ ಮನುಷ್ಯ ಅವಸರ ಮಾಡಲಿಲ್ಲ.

ಅಲ್ಲಿಂದ ಬಸ್ಸು. ಯಾವ ಹೋಟೆಲ್ ಅಂತ ಹೋಗಿ ನಿಲ್ಲುವವರೆಗೂ ಹೇಳಲಿಲ್ಲ. ಪೊಲೀಸರಿದ್ದರು, ಸೈನ್ಯದ ಹುಡುಗರು ಸೂಟ್‌ಕೇಸ್ ಎತ್ತಿಕೊಟ್ಟರು. ಬಿಲ್ಲು ನಮ್ಮದೇ: ದೊಡ್ಡವರೊಬ್ಬರಿಗೆ 3000 ಡಾಲರ್, ಮಗುವಿಗೆ 500, ಮೂರು ತುಂಬದವರಿಗೆ ಪುಕ್ಕಟೆ. ಮಗನಿಗೆ ಎರಡು ತುಂಬಿದ್ದರಿಂದ ವಿಮಾನದಲ್ಲಿ ಪೂರ್ತಿ ಸೀಟು ಕೊಳ್ಳಬೇಕಾಯಿತು, ಮೂರು ತುಂಬದ್ದರಿಂದ ಹೋಟೆಲಿನಲ್ಲಿ ದುಡ್ಡು ಉಳಿಯಿತು. ಲೆಕ್ಕ ಸರಿಹೋಯಿತು ಅಂದುಕೊಂಡೆ.

ತೆರೆಯದ ಕಿಟಕಿ. ಮೂರು ಹೊತ್ತು ಬಾಗಿಲಿಗೆ ಒಂದು ತಟ್ಟು, ಕಂದು ಕಾಗದದ ಚೀಲದಲ್ಲಿ ಊಟ. ಎರಡನೇ ದಿನ, ಹತ್ತನೇ ದಿನ ಮೂಗಿಗೆ ಕಡ್ಡಿ. ನಮ್ಮವರು ಮೊದಲ ಭಾನುವಾರ ಕೆಳಗೆ ಫುಟ್‌ಪಾತಿಗೆ ಬಂದು ಕೈ ಬೀಸಿದರು. ಹನ್ನೊಂದನೇ ಮಹಡಿಯಿಂದ ಒಂದು ನೀಲಿ ಅಂಗಿ ಕಾಣುತ್ತಿತ್ತು ಅಷ್ಟೇ. "ನೋಡೋ, ಅಪ್ಪ!" ಅಂದೆ. ಮಗ ಕಿಟಕಿ ಕಡೆ ತಿರುಗಲೇ ಇಲ್ಲ, ನನ್ನ ಕೈಯಲ್ಲಿದ್ದ ಫೋನ್ ನೋಡಿದ.

ಮೂರನೇ ದಿನ ಮಗಳು ಊಟದ ಚೀಲಗಳನ್ನು ಹರಿದು ಕಾರ್ಪೆಟ್ ಮೇಲೆ ಹರಡಿ ಏಳು, ಏಳು ಗುಂಡು ಬರೆದಳು. ಬ್ರೆಡ್ಡಿಗೆ ಸುತ್ತಿ ಬರುತ್ತಿದ್ದ ಫಾಯಿಲನ್ನು ಉಂಡೆ ಕಟ್ಟಿ ಬೀಜ ಮಾಡಿದೆವು. ಮೈಸೂರಲ್ಲಿ ಬೆಳಗ್ಗೆ ಅಮ್ಮ ತಿಂಡಿ ಮುಗಿಸಿ ಮಣೆ ತೆಗೆಯುವುದು, ಇಲ್ಲಿ ಮಧ್ಯಾಹ್ನ ಇವಳು ಕಾಗದದ ಮುಂದೆ ಕೂರುವುದು, ಮಧ್ಯೆ ವಿಡಿಯೋ ಕಾಲ್. ಐದೂವರೆ ಗಂಟೆ ವ್ಯತ್ಯಾಸ. ಅಲ್ಲಿಂದ ಅಮ್ಮ "ನಾಲ್ಕನೇ ಗುಳಿ ಎತ್ತಿದೆ" ಅಂದರೆ ಇಲ್ಲಿ ಇವಳು ಅಜ್ಜಿಯ ಪರವಾಗಿ ನಾಲ್ಕನೆಯದು ಎತ್ತಿ ಹಂಚುವುದು. ಆ ಕೋಣೆಯಲ್ಲಿ ಮಾತ್ರ ಅವಳು ನಿಜವಾಗಿ ಸಿಕ್ಕಿಹಾಕಿಕೊಂಡಿದ್ದಳು. "ಮನೆಗೆ ಯಾವಾಗ ಹೋಗೋದು?" ಅಂತ ಕೇಳುತ್ತಿದ್ದಳು. ಯಾವ ಮನೆ ಅಂತ ನಾನು ತಿರುಗಿ ಕೇಳಲಿಲ್ಲ.

ಸ್ಕೂಲು ಶುರುವಾಯಿತು. ಜೂನ್‌ನಲ್ಲಿ ಇಲ್ಲಿನ ಚಳಿಗಾಲ ಬರುವಷ್ಟರಲ್ಲಿ ಉತ್ತರಗಳು ಮತ್ತೆ ಇಂಗ್ಲಿಷಿಗೆ ತಿರುಗಿದವು. ಇದರ ಬಗ್ಗೆ ನಾವು ಪೋಷಕರು ಗುಂಪಿನಲ್ಲಿ ಸಾಕಷ್ಟು ಸಲ ಅತ್ತಿದ್ದೇವೆ, ಮತ್ತೆ ಬೇಡ.

ನಾನು ಮಾಡಿದ್ದು ಸರಿ ಅಂತ ಮಾತ್ರ ತಿಳಿಯಬೇಡಿ. ಐದು ತಿಂಗಳು ತಡ ಮಾಡಿದ್ದಿದ್ದರೆ ಏನಾಗುತ್ತಿತ್ತು ನೋಡಿ. 2021ರ ಏಪ್ರಿಲ್ 27ಕ್ಕೆ ಆಸ್ಟ್ರೇಲಿಯಾ ಭಾರತದ ವಿಮಾನಗಳನ್ನು ನಿಲ್ಲಿಸಿತು. ಮೇ 3ರಿಂದ 15ರವರೆಗೆ, ಹಿಂದಿನ 14 ದಿನದಲ್ಲಿ ಭಾರತದಲ್ಲಿದ್ದವರು ಇಲ್ಲಿಗೆ ಬಂದರೆ ಅಪರಾಧ. ಇಲ್ಲಿನ ನಾಗರಿಕರೇ ಆದರೂ ಐದು ವರ್ಷದವರೆಗೆ ಜೈಲು ಇಲ್ಲವೇ 66,600 ಡಾಲರ್ ದಂಡ ಅಂದರು. ಅಪ್ಪ ಅಮ್ಮ ಇಲ್ಲಿ, ಮಕ್ಕಳು ಮಾತ್ರ ಅಲ್ಲಿ ಅಜ್ಜಿ ತಾತನ ಹತ್ತಿರ, ಅಂಥ ಮಕ್ಕಳೇ ಆಗ 170ಕ್ಕೂ ಹೆಚ್ಚಿದ್ದರು. ಅದೇ ತಿಂಗಳು ನಮ್ಮಪ್ಪನಿಗೂ ಕೋವಿಡ್ ಬಂತು. ಮನೆಯಲ್ಲೇ ವಾಸಿಯಾಯಿತು, ದೊಡ್ಡ ಪುಣ್ಯ. ಇಲ್ಲಿಂದ ಹೊರಡುವುದಕ್ಕೂ ಸರ್ಕಾರದ ಅನುಮತಿ ಬೇಕಿತ್ತು, ವಾಪಸ್ ಬರುವ ದಾರಿ ಮುಚ್ಚಿತ್ತು. ರಾತ್ರಿಯೆಲ್ಲ ಆಕ್ಸಿಮೀಟರಿನ ನಂಬರನ್ನು ಅಮ್ಮ ಫೋಟೋ ತೆಗೆದು ಕಳಿಸುವುದು, ನಾನು ನೋಡುವುದು.

ಹೊಸಬರಿಗೆ ನಾನು ಹೇಳುವುದಿದ್ದರೆ ಇಷ್ಟು: ಊರಿಗೆ ಹೊರಡುವ ಮುಂಚೆ ಪಿಆರ್‌ನ ಪ್ರಯಾಣದ ಅವಧಿ ಎಲ್ಲಿವರೆಗೆ ಇದೆ ನೋಡಿಕೊಳ್ಳಿ. ಅದು ಐದೇ ವರ್ಷ, ಅಲ್ಲಿದ್ದಾಗ ಮುಗಿದರೆ ರಿಟರ್ನ್ ವೀಸಾಗೆ ಓಡಾಡಬೇಕು. ಮಕ್ಕಳ ಪಾಸ್‌ಪೋರ್ಟೂ ಐದೇ ವರ್ಷ. ಇನ್ನೂ ಚಿಕ್ಕವರನ್ನು ಅಜ್ಜಿ ಹತ್ತಿರ ಬಿಟ್ಟು ಒಬ್ಬರೇ ವಾಪಸ್ ಬರುವ ಯೋಚನೆ ಇದ್ದರೆ, ಆ 170 ಮಕ್ಕಳನ್ನು ಒಮ್ಮೆ ನೆನೆಸಿಕೊಳ್ಳಿ. ಬಿಡಬೇಡಿ ಅಂತಲ್ಲ.

ಅಪ್ಪ ಅಮ್ಮ 'ಹತ್ತಿರದ ಕುಟುಂಬ' ಅಂತ ಆಸ್ಟ್ರೇಲಿಯಾಗೆ ಅನಿಸಿದ್ದು 2021ರ ನವೆಂಬರ್ 1ಕ್ಕೆ. ಅಲ್ಲಿಯವರೆಗೆ, ಯಾರನ್ನು ಗಡಿಯೊಳಗೆ ಬಿಡಬೇಕು ಅನ್ನುವ ಲೆಕ್ಕದಲ್ಲಿ ಹೆತ್ತವರು ಹತ್ತಿರದವರೇ ಅಲ್ಲ! ಅಪ್ಪ ಹಾಕಿಸಿಕೊಂಡಿದ್ದು ಕೋವಿಶೀಲ್ಡ್, ಅದನ್ನು ಅಕ್ಟೋಬರ್‌ನಲ್ಲೇ ಒಪ್ಪಿದ್ದರು. ಅಮ್ಮನದು ಕೋವ್ಯಾಕ್ಸಿನ್. ಅದಕ್ಕೂ ಅದೇ ನವೆಂಬರ್ 1ಕ್ಕೆ ಒಪ್ಪಿಗೆ ಸಿಕ್ಕಿತು. "ನನ್ನನ್ನೂ ನನ್ನ ಇಂಜೆಕ್ಷನ್ನನ್ನೂ ಒಂದೇ ದಿನ ಮನೆಗೆ ಸೇರಿಸ್ಕೊಂಡ್ರು" ಅಂತ ಅಮ್ಮ ನಕ್ಕರು.

2022ರ ಏಪ್ರಿಲ್‌ನಲ್ಲಿ ಇಬ್ಬರೂ ಬಂದರು. ನಾನು ಫೋನಿನಲ್ಲಿ ನೂರು ಸಲ ಹೇಳಿದ್ದೆ, ಬೀಜ ತರಬೇಡ, ಕಾರ್ಡಿನಲ್ಲಿ ಸುಳ್ಳು ಬರೆಯಬೇಡ ಅಂತ. ಅಮ್ಮ ಬೀಜ ತರಲಿಲ್ಲ. ಗಾಜಿನ ಮಣಿ ತಂದಿದ್ದರು, ಜೊತೆಗೆ ಸೀರೆಯಲ್ಲಿ ಸುತ್ತಿ ಆ ಹಳೇ ಮಣೆ. ಮರದ ಸಾಮಾನು ಅಂತ ಬರೆದು ತೋರಿಸಿದರಂತೆ. ಅಧಿಕಾರಿ ಅದನ್ನು ತಿರುಗಿಸಿ, ಟಾರ್ಚ್ ಬಿಟ್ಟು, ಹುಳ ಕೊರೆದಿದೆಯಾ ಅಂತ ಹದಿನಾಲ್ಕು ಗುಳಿಯನ್ನೂ ನೋಡಿ, ಮೂಲೆಯ ಸೀಳಿನಲ್ಲಿ ಸ್ವಲ್ಪ ಹೊತ್ತು ಹೆಚ್ಚೇ ನೋಡಿ ವಾಪಸ್ ಕೊಟ್ಟರಂತೆ. ಹೊರಗೆ ಬಂದವರೇ ನನ್ನನ್ನು ತಬ್ಬಿಕೊಳ್ಳುವ ಮೊದಲು ಅಮ್ಮ ಮೊಮ್ಮಗಳಿಗೆ ಹೇಳಿದ್ದು: "ಮಣೆಗೂ ಕ್ವಾರಂಟೈನ್ ಮಾಡಿದ್ರು ಕಣೇ, ಐದೇ ನಿಮಿಷ."