ರೇಸ್ ಕುದುರೆಗಳೆಲ್ಲ ಮೂರೇ ಅರಬ್ ಕುದುರೆಗಳ ಸಂತಾನವಾ?

ಶಿರಾ ಹುಡುಗ:
ಮೊನ್ನೆ ಬೆಂಗಳೂರಿನ ರೇಸ್ ಕೋರ್ಸ್‌ನಲ್ಲಿ ನಮ್ಮ ಮಾವ ಒಂದು ಮಾತು ಹೇಳಿದರು. ಇವತ್ತು ಓಡುವ ಥರೋಬ್ರೆಡ್ ಕುದುರೆಗಳೆಲ್ಲ ಹಿಂದೆ ಇಂಗ್ಲೆಂಡ್‌ಗೆ ತರಿಸಿದ ಮೂರು ಅರಬ್ ಗಂಡು ಕುದುರೆಗಳ ಸಂತಾನವಂತೆ. ನಿಜವಾ? ವಿಜಯನಗರದ ಅರಸರೂ ಪರ್ಷಿಯನ್ ಕೊಲ್ಲಿಯ ಹೊರ್ಮುಜ್ ಬಂದರಿನಿಂದ ಸಾವಿರಗಟ್ಟಲೆ ಕುದುರೆ ತರಿಸಿದ್ದರಲ್ವಾ? ನಮ್ಮಲ್ಲಿ ಯಾಕೆ ಅಂಥ ತಳಿ ಹುಟ್ಟಲಿಲ್ಲ?

ಲಗಾಮು:
ಮಾವ ಹೇಳಿದ್ದು ಸರಿ. ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಈಗಿನ ಗಂಡು ಥರೋಬ್ರೆಡ್‌ಗಳಲ್ಲಿ ಸುಮಾರು 95% ಡಾರ್ಲಿ ಸಾಲಿನವೇ. ಅರಬ್ ರಕ್ತ ಇಲ್ಲದಿದ್ದರೆ ಈ ಸ್ಪೀಡ್ ಎಲ್ಲಿಂದ ಬರಬೇಕು?

ಹಳೇ ಲಾಯ:
ನಾನು ಸ್ಟಡ್ ಫಾರ್ಮ್‌ನಲ್ಲಿ, ಅಂದರೆ ಕುದುರೆ ತಳಿ ಬೆಳೆಸುವ ಕಡೆ, ಪಶುವೈದ್ಯನಾಗಿದ್ದು ನಿವೃತ್ತನಾದವನು. ಲಗಾಮು ಅವರು ಹೇಳಿದ 95% ಸರಿ, ಆದರೆ ಅದನ್ನು ರಕ್ತದ ಪಾಲು ಅಂದುಕೊಳ್ಳಬೇಡಿ. ಅದು ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ ಅಂತ ಹೋಗುವ ಒಂದೇ ಸಾಲಿನ ಲೆಕ್ಕ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ವಂಶಾವಳಿಯಲ್ಲಿ 1,024 ಜಾಗ ಇರುತ್ತವೆ. ಈ ಗಂಡು ಸಾಲು ಅದರಲ್ಲಿ ಒಂದು ಜಾಗ, ಅಷ್ಟೆ. ಒಟ್ಟು ವಂಶವಾಹಿಯ ಲೆಕ್ಕ ಹಾಕಿದವರ ಪ್ರಕಾರ ಗೊಡಾಲ್ಫಿನ್‌ನ ಪಾಲು ಸುಮಾರು 14%. ಡಾರ್ಲಿಯದು ಅದರ ಅರ್ಧದಷ್ಟು. ಗಂಡು ಸಾಲಿನಲ್ಲಿ ಹಿಂದೆ ಬಿದ್ದವನೇ ರಕ್ತದಲ್ಲಿ ಮುಂದಿದ್ದಾನೆ!

ಡಾರ್ಲಿಯ ಕಥೆಯೂ ನೇರವಾಗಿಲ್ಲ. ಅಲೆಪ್ಪೋದಲ್ಲಿ ವ್ಯಾಪಾರ ಮಾಡುತ್ತಿದ್ದ ಥಾಮಸ್ ಡಾರ್ಲಿ ಈ ಕುದುರೆಯನ್ನು ಕೊಂಡು 1704ರಲ್ಲಿ ಯಾರ್ಕ್‌ಷೈರ್‌ನ ಆಲ್ಡ್‌ಬಿ ಪಾರ್ಕ್‌ನ ಮನೆಗೆ ಕಳಿಸಿದ. ಅದು ರೇಸ್ ಓಡಲಿಲ್ಲ. ಬೆಟ್ಟಿ ಲೀಡ್ಸ್ ಎಂಬ ಹೆಣ್ಣುಕುದುರೆಗೆ ಅದರಿಂದ ಇಬ್ಬರು ಗಂಡುಮಕ್ಕಳು. ಮೊದಲನೆಯವನು ಫ್ಲೈಯಿಂಗ್ ಚೈಲ್ಡರ್ಸ್, ಸೋಲನ್ನೇ ಕಾಣದವನು. ತಮ್ಮ ಬಾರ್ಟ್ಲೆಟ್ಸ್ ಚೈಲ್ಡರ್ಸ್. ಇವನಿಗೆ ಮೂಗಿನಲ್ಲಿ ರಕ್ತ ಸೋರುತ್ತಿತ್ತು, ಓಡಿಸಲೇ ಇಲ್ಲ. ಆದರೆ 18 ರೇಸ್ ಓಡಿ 18ನ್ನೂ ಗೆದ್ದ ಎಕ್ಲಿಪ್ಸ್ (1764) ಬಂದದ್ದು ಈ ತಮ್ಮನ ಸಾಲಿನಲ್ಲಿ. ನಾವಾಗಿದ್ದರೆ ಯಾರಿಂದ ಮರಿ ತೆಗೆಸುತ್ತಿದ್ದೆವು, ನೀವೇ ಹೇಳಿ.

ಇನ್ನು ಸ್ಪೀಡ್. ಅರಬ್‌ನಿಂದ ದಮ್ಮು ಬಂತು, ಮೈಕಟ್ಟು ಬಂತು, ಒಪ್ಪುತ್ತೇನೆ. ಆಗಿನ ಕಿಂಗ್ಸ್ ಪ್ಲೇಟ್ ರೇಸ್ ಅಂದರೆ ನಾಲ್ಕು ಮೈಲಿ, ಅದೂ ಒಂದೇ ದಿನದಲ್ಲಿ ಮತ್ತೆ ಮತ್ತೆ. ಅಲ್ಲಿ ದಮ್ಮಿದ್ದವನೇ ರಾಜ. 1780ರಲ್ಲಿ ಡರ್ಬಿ ಶುರುವಾಗುವ ಹೊತ್ತಿಗೆ ಎಳೆ ಕುದುರೆಗಳ ಗಿಡ್ಡ ರೇಸ್‌ಗೆ ಬೆಲೆ ಬಂತು. ಸ್ನಾಯು ಎಷ್ಟು ಬೆಳೆಯಬೇಕು ಅನ್ನುವುದನ್ನು ಹಿಡಿತದಲ್ಲಿಡುವ ಮಯೋಸ್ಟಾಟಿನ್ ಜೀನ್‌ನಲ್ಲಿ ಈ ಗಿಡ್ಡ ಓಟಕ್ಕೆ ಬೇಕಾದ ರೂಪ ಒಂದೇ ಮೂಲದಿಂದ ತಳಿಯೊಳಗೆ ಬಂದಿದೆ, ಅದು ಬಹುಶಃ ಬ್ರಿಟನ್ನಿನದೇ ಒಂದು ಹೆಣ್ಣುಕುದುರೆ ಎಂದು 2012ರ ಅಧ್ಯಯನ ಹೇಳುತ್ತದೆ. ಆ ತಾಯಿಯ ಹೆಸರು ಯಾರೂ ಬರೆದಿಟ್ಟಿಲ್ಲ. ಮೂವರು ಅಪ್ಪಂದಿರಿಗೆ ಚಿತ್ರಪಟ ಬರೆಸಿದ್ದಾರೆ!

ಹರಾಜಿನ ಕ್ಯಾಟಲಾಗ್ ತೆರೆದು ನೋಡಿ. ಅಪ್ಪನ ವಿಷಯ ಮೇಲೆ ನಾಲ್ಕು ಸಾಲು. ಉಳಿದ ಪುಟವೆಲ್ಲ ತಾಯಿ, ಅಜ್ಜಿ, ಮುತ್ತಜ್ಜಿ. ದುಡ್ಡು ಹಾಕುವವರಿಗೆ ವಿಷಯ ಗೊತ್ತಿದೆ.

ಶಿರಾ ಹುಡುಗ:
ಸೂಪರ್ ಸಾರ್. ವಿಜಯನಗರದ ಪ್ರಶ್ನೆ ಹಾಗೇ ಉಳಿಯಿತು.

ಹಳೇ ಲಾಯ:
ಅಲ್ಲಿ ಕುದುರೆ ಯುದ್ಧದ ಸಾಮಾನು. ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು, ಒಳ್ಳೆಯವನ್ನು ತಮ್ಮ ಲಾಯಕ್ಕೆ ಇಟ್ಟುಕೊಂಡು ಉಳಿದದ್ದನ್ನು ದಂಡನಾಯಕರಿಗೆ ಹಂಚುತ್ತಿದ್ದರು ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಸಾಳುವ ನರಸಿಂಹನ ಕಾಲದಲ್ಲಿ ಹಡಗಿನಲ್ಲೇ ಸತ್ತ ಕುದುರೆಗೆ ಬಾಲ ತಂದು ತೋರಿಸಿದರೂ ಪೂರ್ತಿ ದುಡ್ಡು ಸಿಗುತ್ತಿತ್ತಂತೆ. ಕೊಳ್ಳುವುದರ ಮೇಲೇ ಅಷ್ಟು ಗಮನ. ಇಂಗ್ಲೆಂಡ್‌ನಲ್ಲಿ ಮರಿಗಳನ್ನು ಓಡಿಸಿ ಪರೀಕ್ಷೆ ಮಾಡಿದರು, ಹೆಚ್ಚಾಗಿ ಗೆದ್ದದ್ದನ್ನೇ ಕೂಡಿಸಿದರು, ಯಾವುದಕ್ಕೆ ಯಾವುದು ಹುಟ್ಟಿತು ಅಂತ ಬರೆದಿಟ್ಟರು. 1791ರಲ್ಲಿ ಸ್ಟಡ್ ಬುಕ್ಕೇ, ಅಂದರೆ ಕುದುರೆಗಳ ವಂಶಾವಳಿ ಪುಸ್ತಕವೇ, ಅಚ್ಚಾಯಿತು. ನಮ್ಮ ಕುಣಿಗಲ್ ಫಾರ್ಮ್ ಕೂಡ ಟಿಪ್ಪುವಿನ ಕಾಲದಲ್ಲಿ ದಂಡಿನ ಕುದುರೆಗೇ ಇದ್ದದ್ದು. ರೇಸ್ ಕುದುರೆ ಅಲ್ಲಿಗೆ ಬಂದದ್ದು ಆಮೇಲೆ.

ಫರ್ಲಾಂಗ್:
ಒಂದು ಸೇರಿಸುತ್ತೇನೆ. 1885ರಲ್ಲಿ ನ್ಯೂಮಾರ್ಕೆಟ್‌ನಲ್ಲಿ ಆಸೀಲ್ ಎಂಬ ಒಳ್ಳೆಯ ಅರಬ್ ಕುದುರೆಯನ್ನೂ ಐಯಾಂಬಿಕ್ ಎಂಬ ಸಾಧಾರಣ ಥರೋಬ್ರೆಡ್ಡನ್ನೂ ಮೂರು ಮೈಲಿ ಓಡಿಸಿದರು. ಐಯಾಂಬಿಕ್ ನಾಲ್ಕೂವರೆ ಸ್ಟೋನ್, ಅಂದರೆ ಹತ್ತಿರ ಹತ್ತಿರ 29 ಕೆಜಿ, ಜಾಸ್ತಿ ಹೊತ್ತುಕೊಂಡೂ 20 ಲೆಂಗ್ತ್‌ಗಳಿಂದ, ಅಂದರೆ ಇಪ್ಪತ್ತು ಕುದುರೆಯುದ್ದ ಮುಂದಿದ್ದು, ಗೆದ್ದಿತು.

ಲಗಾಮು:
ಹಾಗಾದರೆ ಅರಬ್ಬೇ ಬೇಡವಾಗಿತ್ತಾ?

ಹಳೇ ಲಾಯ:
ಬೇಕಿತ್ತು ಸ್ವಾಮಿ, ಶುರುವಿನಲ್ಲಿ. ಆಮೇಲೆ ಮೊಮ್ಮಕ್ಕಳು ತಾತನನ್ನು ಮೀರಿಸಿದರು.

ಶಿರಾ ಹುಡುಗ:
ಮಾವ ಈಗ ಇದನ್ನು ಓದಿ ಹೊಸದೊಂದು ಕೇಳುತ್ತಿದ್ದಾರೆ. ಗೊಡಾಲ್ಫಿನ್ ಪ್ಯಾರಿಸ್‌ನಲ್ಲಿ ನೀರಿನ ಗಾಡಿ ಎಳೆಯುತ್ತಿತ್ತಂತೆ. ಹೌದಾ?

ಹಳೇ ಲಾಯ:
ಅದು ಸುಮ್ನೆ ಕಥೆ. ಎಡ್ವರ್ಡ್ ಕೋಕ್ ಫ್ರಾನ್ಸ್‌ನಿಂದ ತರಿಸಿದ್ದು, ಅವನು ಸತ್ತ ಮೇಲೆ ಲಾರ್ಡ್ ಗೊಡಾಲ್ಫಿನ್‌ಗೆ ಸೇರಿದ್ದು ನಿಜ. ಮೊದಲು ಅದು ಟೀಸರ್ ಆಗಿತ್ತು ಅಂತಲೂ ಹೇಳುತ್ತಾರೆ, ಅದೂ ಕಥೆಯೇ ಇರಬೇಕು. ಆದರೆ ಟೀಸರ್ ಅನ್ನುವ ಕೆಲಸ ಕಟ್ಟುಕಥೆಯಲ್ಲ. ಹೆಣ್ಣುಕುದುರೆ ಬೆದೆಗೆ ಬಂದಿದೆಯಾ ಅಂತ ನೋಡಲು ಕಡಿಮೆ ಬೆಲೆಯ ಗಂಡನ್ನು ಮುಂದೆ ತಂದು ನಿಲ್ಲಿಸುತ್ತೇವೆ, ನಡುವೆ ಗಟ್ಟಿ ಹಲಗೆ. ಹೆಣ್ಣು ಕಿವಿ ಹಿಂದಕ್ಕೆ ಮಾಡಿ ಒದ್ದರೆ ಇನ್ನೂ ಬೆದೆಗೆ ಬಂದಿಲ್ಲ ಅಂತ. ಬಾಲ ಎತ್ತಿ ನಿಂತರೆ ಟೀಸರ್ ಪಾಪ ವಾಪಸ್ ಲಾಯಕ್ಕೆ, ದೊಡ್ಡ ಹೆಸರಿನವನು ಒಳಕ್ಕೆ.